ಪುಟ್ಟಮಾದಮ್ಮ ಸೂರಿನಿಂದ ಇಳಿದ ಬಗೆ

ನಿಡಘಟ್ಟದ ಪುಟ್ಟಮಾದಮ್ಮ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮೇಲ್ಮನವಿ ಸಲ್ಲಿಸಿದ ಹೆಂಗಸು. ೧೯೪೩ರ ಬೇಸಿಗೆಯಲ್ಲಿ ಒಡೆದದ್ದು ಬದಲಿಸಿ, ಸರಿದದ್ದು ಜೋಡಿಸಿ ಹೆಂಚು ಕೈಯಾಡಿಸಲು ಸೂರು ಹತ್ತಿದ್ದಳು. ಗೆದ್ದಲು ತಿಂದ ರೀಪು ಮುರಿದು, ಕೆಳಗೆ ಮುದ್ದೆ ಉಣ್ಣುತ್ತಿದ್ದ ಕೆಂಪಸಿದ್ದಯ್ಯನ ಮುಂದೆ ಧೊಪ್ಪನೆ ಇಳಿದಳು. ಒಂದು ಕಾಲು ಸಾರಿನ ಪಾತ್ರೆಯಲ್ಲಿ, ಸೆರಗು ಇನ್ನೂ ಮೇಲೆ ತೊಲೆಯಲ್ಲಿ. ಬೀದಿಗೆ ಬೀದಿಯೇ ಬಂದು ನೋಡಿ ನಕ್ಕಿತು.

ಮನೆ ಅವಳ ಗಂಡ ಕಟ್ಟಿಸಿದ್ದು. ಅವನು ತೀರಿಕೊಂಡ ಮೇಲೆ ಸಾಲಕ್ಕಾಗಿ ಕೆಂಪಸಿದ್ದಯ್ಯನಿಗೆ ಅದನ್ನು ಆಧಾರ ಬರೆದುಕೊಟ್ಟು, ತಂಗಿ ಬೆಳ್ಳಮ್ಮನ ಮನೆಯ ಮೂಲೆ ಕೋಣೆ ಸೇರಿದ್ದಳು. ಬಡ್ಡಿಯ ಬದಲು ಅವನಿಗೆ ಅಲ್ಲಿ ವಾಸ. ಆಧಾರ ಪತ್ರ ಗಟ್ಟಿಯಾಗಿತ್ತು, ಸೂರಿಗೆ ಮಾತ್ರ ಆಧಾರವಿರಲಿಲ್ಲ. ಐದು ವರ್ಷದೊಳಗೆ ಹಣ ತೀರಿಸದಿದ್ದರೆ ಮನೆ ಅವನಿಗೇ ಕ್ರಯವಾದಂತೆ ಎಂಬ ಸಾಲೊಂದು ಪತ್ರದ ಕೊನೆಯಲ್ಲಿತ್ತು. ಅವಳು ಬೀಳುವ ಮುಂಚೆಯೇ, ಯುಗಾದಿಗೆ, ಆ ಗಡುವು ಮುಗಿದಿತ್ತು.

ಯುದ್ಧದಿಂದಾಗಿ ಅವಳ ತುಂಡು ಗದ್ದೆಯ ಬೆಲ್ಲಕ್ಕೆ ಬೆಲೆ ಬಂದು, ದೀಪಾವಳಿಗೆ ಅವಳು ಅಸಲು ಹೊಂದಿಸಿಕೊಂಡು ಹೋದಳು. ಕೆಂಪಸಿದ್ದಯ್ಯ ಹಣ ಮುಟ್ಟಲಿಲ್ಲ. ಮನೆ ಯುಗಾದಿಗೇ ತನ್ನದಾಯಿತು, ಇನ್ನು ಜಗಲಿ ಹತ್ತಬೇಕಾದರೂ ಕೇಳಿ ಹತ್ತು ಎಂದ.

ಅವಳು ಮಂಡ್ಯದ ಕೋರ್ಟು ಹತ್ತಿದಳು. ಪೆಟ್ರೋಲಿಗೆ ಬರ ಬಂದು ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಗೆಜ್ಜಲಗೆರೆ ಬಳಿ ನಿಂತಾಗಲೆಲ್ಲ ಇಳಿದು ಹೆಗಲು ಕೊಟ್ಟಳು. ವಾಯಿದೆಗಳನ್ನು ತಳ್ಳುವ ಕೆಲಸ ವಕೀಲರದು, ಬಸ್ಸು ತಳ್ಳುವುದು ಕಕ್ಷಿದಾರರದು. ಅಡಮಾನವೆಂದು ತೀರ್ಮಾನವಾದರೆ ಗಡುವು ಮೀರಿದ್ದರೂ ಹಣ ಕಟ್ಟಿ ಬಿಡಿಸಿಕೊಳ್ಳಬಹುದು, ಕ್ರಯವೆಂದಾದರೆ ಮನೆ ಹೋದಂತೆಯೇ ಎಂದು ಅವಳ ವಕೀಲರು ಹೇಳಿದ್ದರು.

ಕೋರ್ಟನ್ನು ಸ್ವಲ್ಪ ನಗಿಸೋಣವೆಂದು ಎದುರು ವಕೀಲರು ಅವಳು ಬಿದ್ದ ಕಥೆ ಎತ್ತಿದರು. "ಯುಗಾದಿಗೇ ಮನೆ ಕ್ರಯವಾಗಿತ್ತು. ಆಮೇಲೆ ಕಂಡವರ ಸೂರಿನ ಮೇಲೆ ನಿನಗೇನಮ್ಮ ಕೆಲಸ?"

"ಅವ್ರೇ ಏಳ್ಕಳ್ಸಿದ್ರು ಸ್ವಾಮಿ. ಮಳೆಗ್ ಮುಂಚೆ ಬಂದು ಎಂಚು ಕೈಯಾಡ್ಸು, ಮನೆ ನಿಂದು ಅಂತ. ಪ್ರತಿ ವರ್ಸ್ವೂ ಅಂಗೇಯ."

ಆಧಾರಕ್ಕಿಟ್ಟ ಮನೆಯ ಸೂರು ಒಡೆಯರ ಹೊಣೆ, ಅದು ಆ ಕಡೆಯ ರೂಢಿ. ಆದರೆ ಮನೆ ಕೊಂಡವನು ಮಾರಿದವಳನ್ನು ಕರೆಸಿ ಹೆಂಚು ಸರಿಮಾಡಿಸುವುದು ಎಲ್ಲೂ ಇಲ್ಲ. ಮುನ್ಸೀಫರು ಕನ್ನಡಕ ತೆಗೆದು, ಇದು ನಿಜವೇ ಎಂದು ಕೆಂಪಸಿದ್ದಯ್ಯನನ್ನು ಕೇಳಿದರು.

"ಇನ್ನೇನ್ ಬುದ್ದಿ? ಸೂರು ಮನೆ ಒಡೆಯರ್ದು. ಇರಾಕ್ ಬಂದೋನು ನಾನ್ಯಾಕ್ ಕಾಸ್ ಬಿಚ್ಲಿ?"

ಕಾಸು ಬಿಚ್ಚದವನು ಬಾಯಿ ಬಿಚ್ಚಿದ್ದ. ಅವನ ವಕೀಲರು ಕೋರ್ಟಿನ ಸೂರು ನೋಡುತ್ತ ನಿಂತರು.

ಅಡಮಾನವೇ ಎಂದು ತೀರ್ಪಾಯಿತು. ಹಣ ಕಟ್ಟಿ ಪುಟ್ಟಮಾದಮ್ಮ ಊರಿಗೆ ಬಂದಾಗ, ಅಂದು ನಕ್ಕಿದ್ದ ಬೀದಿಯೇ ಆರತಿ ಹಿಡಿದು ನಿಂತಿತ್ತು. ಕೆಂಪಸಿದ್ದಯ್ಯ ಜಗಲಿ ಬಿಟ್ಟು ಎದ್ದು ದಾರಿ ಬಿಟ್ಟ. ಈ ಸಲ ಅವಳು ಬಾಗಿಲಿನಿಂದಲೇ ಒಳಗೆ ಹೋಗಿ, ಒಂದೊಂದು ಕಂಬವನ್ನೂ ಮುಟ್ಟಿ ನೋಡಿ, ಹೊರಗೆ ಬಂದಳು.

ಮೂಲೆ ಕೋಣೆ ಖಾಲಿಯಾಗುವ ಆಸೆಯಿಂದ ಬೆಳ್ಳಮ್ಮ ಕೇಳಿದಳು, "ಅಕ್ಕ, ಯಾವತ್ತು ಬಂದು ಸೇರ್ಕತೀಯೆ?"

"ಇಲ್ಗಾ? ಸೋರ್ತದೆ ಕಣೆ. ಅವ್ನೇ ಇರ್ಲಿ ಬುಡು, ಬಾಡ್ಗೆ ಕೊಡ್ತೀನಿ ಅಂದವ್ನೆ."