ನಾನು ಹಚ್ಚಿದ್ದು ಒಂದೇ ಮಣಿ

ನನ್ನ ತಂಗಿ ಮಸ್ಕಿಯಲ್ಲಿ ಕೂಸುಗಳ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿದು ಮಾರುತ್ತಿದ್ದಳು. ಮೊದಲು ತನ್ನ ಮೊಮ್ಮಕ್ಕಳಿಗೆಂದು ಹೊಲಿದಳು, ಆಮೇಲೆ ಲಿಂಗಸುಗೂರಿನಿಂದಲೂ ಜನ ಹುಡುಕಿಕೊಂಡು ಬರುವಂಥ ಅಂಗಡಿಯಾಯಿತು. ನಾವಿಬ್ಬರೂ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅವ್ವನ ಹತ್ತಿರವೇ ಸೂಜಿ ಹಿಡಿಯಲು ಕಲಿತವರು. ಆದರೆ ನನ್ನ ಹೊಲಿಗೆಯನ್ನು ಯಾರೂ ಕೇಳಲಿಲ್ಲ. ಆ ಹೊಟ್ಟೆಕಿಚ್ಚು ನನಗೆ ಆರಲೇ ಇಲ್ಲ.

ಪ್ರತಿ ಕುಂಚಿಗೆಯಲ್ಲೂ ಅವಳು ಒಂದು ಮಣಿಯ ಜಾಗ ಖಾಲಿ ಬಿಡುತ್ತಿದ್ದಳು. ಅದನ್ನು ಕೂಸಿನ ಅಜ್ಜಿಯೇ ಹಚ್ಚಬೇಕು ಎನ್ನುತ್ತಿದ್ದಳು. ನನ್ನ ಮೊಮ್ಮಗಳಿಗೆ ಕಳಿಸಿದ್ದರಲ್ಲೂ ಹಾಗೇ ಬಿಟ್ಟಿದ್ದಳು. ನಾನು ಆ ಮಣಿ ಹಚ್ಚಿದೆ. ಸಿಂಧನೂರಿನ ನಮ್ಮ ಮನೆಯಲ್ಲಿ ತೊಟ್ಟಿಲ ದಿನ ಹೆಂಗಸರು ಯಾರು ಹೊಲಿದದ್ದೆಂದು ಕೇಳಿದಾಗ, "ಪೂರಾ ನಾನಽ ಹೊಲ್ದೀನ್ರೀ" ಎಂದುಬಿಟ್ಟೆ.

"ಇಷ್ಟು ದಿನ ಈ ಕೈ ಎಲ್ಲಿ ಮುಚ್ಚಿಟ್ಟಿದ್ದಿ ಬೇ?" ಎಂದು ಒಬ್ಬಾಕೆ ಕೆಣಕಿದಳು.

ಬಸ್ಸಿಳಿದು ಆಗಷ್ಟೇ ಬಂದ ತಂಗಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. "ನಮ್ಮಕ್ಕಂದು ಮೊದಲಿಂದ ಚಲೋ ಕೈ ಐತ್ರೀ" ಎಂದಳು.

ದೊಡ್ಡತನದಲ್ಲೂ ಇವಳೇ ಮುಂದಾದಳಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು.

ಅವಳು ತೀರಿಹೋಗಿ ವರ್ಷವಾಯಿತು. ಓಣಿಯಲ್ಲಿ ಕೂಸು ಹುಟ್ಟಿದರೆ ಈಗ ನನ್ನನ್ನೇ ಕುಂಚಿಗೆ ಕೇಳುತ್ತಾರೆ. ಕಣ್ಣು ಕಾಣುವುದಿಲ್ಲ ಎನ್ನುತ್ತೇನೆ. ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತದೆ.