ಗಾಣದ ಕಂಬದ ಬುಡದ ಪುಡಿ

ಬ್ಯಾಡರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ದೊಡ್ಡಹನುಮಯ್ಯನವರಿಗೆ ಎಪ್ಪತ್ತೊಂದು ವರ್ಷ. ಯಾರನ್ನೂ ಸುಲಭವಾಗಿ ನಂಬುವವರಲ್ಲ. ಗಿರಣಿಯ ಕಂಬ ನೋಡಲು ಅವರೇ ಎಂಜಿನಿಯರ್ ಆದ ನನ್ನನ್ನು ಕರೆದಿದ್ದರು. ಆದರೂ ನನ್ನ ಅಳತೆ ಟೇಪನ್ನು ತಮ್ಮ ಮೊಳಕ್ಕೆ ಹಿಡಿದು ನೋಡಿದ ಮೇಲೆಯೇ ಒಳಗೆ ಬಿಟ್ಟರು.

ಗಿರಣಿ ಇದ್ದದ್ದು ಅವರ ತಂದೆ ಚಿಕ್ಕಹನುಮಯ್ಯ ಕಟ್ಟಿಸಿದ ಮನೆಯಲ್ಲಿ. ನಾಲ್ಕು ಮತ್ತಿ ಮರದ ಕಂಬಗಳು, ಮೇಲೆ ತೊಲೆ, ಜಂತಿ, ಹೆಂಚು. ಕೂಡುಗಳಲ್ಲಿ ಮೊಳೆಯಿಲ್ಲ, ಮರದ ಗೂಟಗಳೇ. ಗೋಡೆ ಬರೀ ಮರೆ. ಭಾರವೆಲ್ಲ ಕಂಬಗಳ ಮೇಲೆ. ಮೊದಲು ಅಲ್ಲಿ ಎಣ್ಣೆ ತೆಗೆಯುವ ಎತ್ತಿನ ಗಾಣವಿತ್ತು, ಆಮೇಲೆ ಡೀಸೆಲ್ ಎಂಜಿನ್ನಿನ ಗಿರಣಿ, ಈಗ ಅದಕ್ಕೆ ಮೋಟಾರು.

ಮೂರು ತಿಂಗಳಿಂದ ಒಂದು ಕಂಬದ ಬುಡದಲ್ಲಿ ದಿನವೂ ಪುಡಿ ಉದುರುತ್ತಿತ್ತು. ತಮ್ಮನ ಮಗ ಮಹದೇವ್ ಕೊರೆಯುತ್ತಿದ್ದಾನೆಂದು ಅವರ ಗುಮಾನಿ. ಮನೆ ಕೆಡವಿ ಅಂಗಡಿ ಕಟ್ಟೋಣವೆಂದು ಅವನು ಯುಗಾದಿಯಲ್ಲಿ ಹೇಳಿದ್ದ. ಬೆಳಿಗ್ಗೆ ಗಿರಣಿಯ ಬೀಗ ತೆಗೆಯುವವನೂ ಅವನೇ. ನಿಜವಾದರೆ, ಇಪ್ಪತ್ತು ವರ್ಷ ಜೊತೆಗೆ ದುಡಿದವನನ್ನು ಹೊರಗೆ ಹಾಕುವುದಾಗಿ ಹೆಂಡತಿ ನರಸಮ್ಮನಿಗೆ ಹೇಳಿಬಿಟ್ಟಿದ್ದರು.

ಅಂದು ಮಂಗಳವಾರ, ಗಿರಣಿಗೆ ರಜೆ. ಸವೆದ ಬೀಸುವ ಕಲ್ಲು ಮತ್ತೆ ಒರಟಾಗಲೆಂದು ಮಹದೇವ್ ಉಳಿ ಹಿಡಿದು ಅದನ್ನು ಕುಟ್ಟುತ್ತಿದ್ದ.

"ಬೆರಳಲ್ಲಿ ಉಜ್ಜಿ ನೋಡಿದೀನಿ ಸಾರ್," ಎಂದರು ದೊಡ್ಡಹನುಮಯ್ಯ. "ರಾಗಿ ಅಲ್ಲ, ಗೋಧಿ ಅಲ್ಲ. ಮರ."

"ಹೂಂ ದೊಡ್ಡಪ್ಪ, ನಾನೇ ಕೊರೆಯೋದು. ನಿಮ್ಮ ಕಣ್ಣು ತಪ್ಸಿ," ಎಂದ ಮಹದೇವ್.

"ನೋಡಿ, ಅವನೇ ಒಪ್ಕೊಂಡ."

ನಾಲ್ಕೂ ಕಂಬಗಳ ಬುಡಕ್ಕೆ ತೆಳು ಕಂಬಿ ಚುಚ್ಚಿ ನೋಡಿದೆ. ಮೂರರಲ್ಲಿ ಇಳಿಯಲಿಲ್ಲ. ನಾಲ್ಕನೆಯದರಲ್ಲಿ ನಾಲ್ಕು ಸೆಂಟಿಮೀಟರ್ ಇಳಿಯಿತು. ಡ್ರಿಲ್ಲಿನ ತೂತು ಒಂದೂ ಇಲ್ಲ; ಸಣ್ಣ ಸಣ್ಣ ಹುಳದ ತೂತುಗಳು, ಪುಡಿ ಉದುರುತ್ತಿದ್ದುದು ಅವುಗಳಿಂದ. ಬುಡದಿಂದ ಒಂದು ಗೇಣು ಮರ ತೇವವಾಗಿ, ಕೊಳೆತು ಲಡ್ಡಾಗಿತ್ತು.

"ಯಜಮಾನ್ರೇ, ಇದೊಂದಕ್ಕೆ ನೀರು ಎಲ್ಲಿಂದ ಬರುತ್ತೆ?"

ಅವರು ಮಹದೇವನತ್ತ ನೋಡಿದರು. ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ನರಸಮ್ಮ. "ಅವನನ್ನ ಯಾಕೆ ನೋಡ್ತೀರಾ? ಶುಕ್ರವಾರ ಶುಕ್ರವಾರ ಎರಡು ಚೊಂಬು ನೀರು ಸುರಿಯೋರು ನೀವು ತಾನೆ?"

ಅದು ಗಾಣದ ಪಕ್ಕ ಮೊದಲು ನಿಲ್ಲಿಸಿದ ಕಂಬ. ಅಪ್ಪನ ಕಾಲದಿಂದ ನೀರೆರೆದು, ಅರಿಶಿನ ಕುಂಕುಮವಿಟ್ಟು ಪೂಜೆ. ಆಗ ಮಣ್ಣಿನ ನೆಲ, ನೀರು ಇಂಗುತ್ತಿತ್ತು. ಆರು ವರ್ಷದ ಹಿಂದೆ ದೊಡ್ಡಹನುಮಯ್ಯನವರೇ ಭಕ್ತಿಯಿಂದ ಕಂಬದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು. ಅಂದಿನಿಂದ ನೀರು ಒಳಗೇ ನಿಂತು, ಮರ ನೆನೆದು ಹುಳ ಹಿಡಿದಿತ್ತು.

ಅವರು ನನ್ನ ಕೈಯಿಂದ ಕಂಬಿ ತೆಗೆದುಕೊಂಡು ನಾಲ್ಕೂ ಕಂಬಗಳಿಗೆ ತಾವೇ ಚುಚ್ಚಿ ನೋಡಿದರು. ಗಾಣದ ಕಂಬಕ್ಕೆ ಎರಡು ಸಲ. ಆಮೇಲೆ ಕಂಬಿಯನ್ನು ನನಗೆ ಹಿಂದಕ್ಕೆ ಕೊಟ್ಟರು.

"ಮಹದೇವ, ಕಲ್ಲು ಬಿಡೋ. ಬಂದು ಈ ಕಟ್ಟೆ ಒಡಿ."

"ಉಳಿ ಸಾಕಾ, ಡ್ರಿಲ್ ತರ್ಲಾ ದೊಡ್ಡಪ್ಪ?"

"ಉಳಿ ಸಾಕು," ಎಂದು ಅವರು ಮಣೆ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. "ನಾನು ನೋಡ್ತಾ ಇರ್ತೀನಿ."