ರೈಲು ಕಲ್ಲಿನ ಪಕ್ಕ ನೆಡದ ಹೊಂಗೆ

ತಿರುಪ್ಪೂರಿನ ಕೆಲಸಕ್ಕೆ ಹೊರಡೋಣ ಎಂದು ಬೆಳಿಗ್ಗೆ ಮೊಬೈಲಿನಲ್ಲಿ ರೈಲಿನ ಟೈಮು, ಚಾರ್ಜು ಹುಡುಕಿದೆ. ನಮ್ಮೂರಿಗೆ ಹತ್ತಿರದ ಯಳಂದೂರು ಎಂದು ಒತ್ತಿದರೆ ಅಂಥ ಸ್ಟೇಷನ್ನೇ ಇಲ್ಲ ಎಂದಿತು. ಕೊಳ್ಳೇಗಾಲವೂ ಇಲ್ಲ. ಮಾಂಬಳ್ಳಿಯ ನಮ್ಮ ಹೊಲದ ಮೂಲೆಯ ಕಲ್ಲು ನೆನಪಾಯಿತು.

ನಾನು ಚಿಕ್ಕವನಿದ್ದಾಗ ಸರ್ವೆಯವರು ಅದನ್ನು ನೆಟ್ಟು, ರೈಲು ಇಲ್ಲೇ ಹಾಯುತ್ತದೆ ಎಂದು ಹೇಳಿ ಹೋದರು. ಅಂದಿನಿಂದ ತಾತ ಮನೆಗೆ ಬಂದವರಿಗೆಲ್ಲ ರೈಲಿನಲ್ಲಿ ಮೈಸೂರು ಎಷ್ಟು ದೂರ, ಬಸ್ಸಿಗಿಂತ ಚಾರ್ಜು ಎಷ್ಟು ಕಮ್ಮಿ ಎಂದು ಲೆಕ್ಕ ಒಪ್ಪಿಸುತ್ತಿದ್ದ. ಹೊಲದಲ್ಲಿ ಒಂದು ಮರವೂ ಇರಲಿಲ್ಲ. ಕಳೆ ಕಿತ್ತು ದಣಿದ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ಆ ಕಲ್ಲಿನ ಪಕ್ಕ ಮುದ್ದೆ ಉಣ್ಣುತ್ತಿದ್ದಳು.

"ಇಲ್ಲೊಂದು ಒಂಗೆ ಸಸಿ ನೆಡು. ಉಣ್ಣಾಕೂ ನೆಳ್ಳಿಲ್ಲ," ಎಂದು ತಾತನಿಗೆ ಹೇಳುತ್ತಿದ್ದಳು.

"ಬ್ಯಾಡ ಕಣಮ್ಮಿ. ನಾಳೆ ರೈಲು ಬಂದ್ರೆ ಕಡ್ದಾಕ್ಬುಡ್ತಾರೆ."

"ಸರಿ ಬುಡು, ನಿನ್ ರೈಲೇ ಬಂದು ನೆಳ್ಳು ಕೊಡ್ಲಿ."

ಇಬ್ಬರೂ ತೀರಿಹೋದರು. ಈಗ ಅದೇ ಬಿಸಿಲಲ್ಲಿ ಅವ್ವ ಕೂತು ಉಣ್ಣುತ್ತಾಳೆ. ಇವತ್ತು ಮಧ್ಯಾಹ್ನ ಬುತ್ತಿ ಕೊಡಲು ಹೋದವನು, ಊರು ಬಿಡುವ ಮೊದಲು ಇಲ್ಲೊಂದು ಹೊಂಗೆ ನೆಟ್ಟು ಹೋಗುತ್ತೇನೆ ಎಂದೆ.

ಅವ್ವ ತುತ್ತು ನುಂಗಿ ಹೇಳಿದಳು: "ವಸಿ ತಡಿ ಕಣ್ಲಾ. ಈ ಸಲ ರೈಲು ದಿಟವಾಗ್ಲೂ ಬತ್ತದಂತೆ."